ಉಜ್ಜದೆ ಬರುವ ನಯ

ಒರಟಾದುದನ್ನು ನಯಗೊಳಿಸಬೇಕಾದರೆ ಉಜ್ಜಬೇಕು ಎಂಬುದು ನಮ್ಮೆಲ್ಲರ ತಿಳುವಳಿಕೆ. ಹೊಳೆಯ ಕಲ್ಲು ನುಣುಪಾಗುವುದೂ ಬಡಗಿ ಮರಳುಕಾಗದ ಹಿಡಿಯುವುದೂ ಹಾಗೆಯೇ. ಎರಡರಲ್ಲಿಯೂ ಉಬ್ಬು ಸವೆದುಹೋಗುತ್ತದೆ. ಏನನ್ನೂ ಸವೆಸದೆ, ಕೇವಲ ಕಾಯಿಸಿ ನಯಗೊಳಿಸುವ ದಾರಿಯೂ ಒಂದಿದೆ.

ನಾನು ಒಂಬತ್ತನೆಯ ತರಗತಿಗೆ ವಿಜ್ಞಾನ ಬೋಧಿಸುತ್ತಿದ್ದಾಗ ಗಾಜಿನ ನಳಿಕೆಯನ್ನು ಅರದಿಂದ ಗೀರಿ ಮುರಿಯುತ್ತಿದ್ದೆ. ಮುರಿದ ಅಂಚು ಬ್ಲೇಡಿನಷ್ಟು ಹರಿತ. ಅದನ್ನು ಉರಿಯಲ್ಲಿ ತಿರುಗಿಸುತ್ತ ಹಿಡಿದರೆ, ಯಾರೂ ಮುಟ್ಟದೆಯೇ ದುಂಡಗಾಗುತ್ತಿತ್ತು. ಒಮ್ಮೆ ಒಬ್ಬ ಬಾಲಕಿ, "ಸರ್, ಆ ಚೂಪು ಹೊಗೆಯಾಗಿ ಹೋಯಿತೇ?" ಎಂದು ಕೇಳಿದಳು. ಮತ್ತೊಂದು ತುಂಡನ್ನು ಮೊದಲು ತೂಗಿ, ಕಾಯಿಸಿ, ತಣಿದ ಮೇಲೆ ಅವಳಿಂದಲೇ ಪುನಃ ತೂಗಿಸಿದೆ. ತಕ್ಕಡಿಯ ಮುಳ್ಳು ಕದಲಲಿಲ್ಲ. ಚೂಪು ಎಲ್ಲಿಯೂ ಹೋಗಿರಲಿಲ್ಲ. ಮೆದುವಾದ ಗಾಜು ತನ್ನ ಮೇಲ್ಮೈಯನ್ನು ಕಿರಿದುಗೊಳಿಸಿಕೊಂಡು ಹರಡಿಕೊಂಡಿತ್ತು. ಮೇಲ್ಮೈ ಎಳೆತದ ಕೆಲಸವದು.

ಸಿಲಿಕಾದ ಸೂಕ್ಷ್ಮ ಕಣಗಳಲ್ಲಿಯೂ ನಡೆಯುವುದು ಇದೇ. 1968ರಲ್ಲಿ ಸ್ಟೋಬರ್, ಫಿಂಕ್, ಬೋನ್ ಎಂಬ ವಿಜ್ಞಾನಿಗಳು ಆಲ್ಕೊಹಾಲ್ ಮತ್ತು ಅಮೋನಿಯದ ದ್ರಾವಣದಲ್ಲಿ ಗುಂಡನೆಯ ಸಿಲಿಕಾ ಕಣಗಳನ್ನು ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಗುಂಡಗಿದ್ದರೂ ಅಂತಹ ಕಣಗಳ ಮೈಯಲ್ಲಿ ಅತಿ ಸಣ್ಣ ಏರುತಗ್ಗುಗಳೂ ರಂಧ್ರಗಳೂ ಇರಬಲ್ಲವು. ಅವುಗಳಲ್ಲಿ ನೀರು ಅಡಗಿರುತ್ತದೆ. ಕಾಯಿಸಿದಾಗ ಮೊದಲು ಆ ನೀರು ಹೊರಬಂದು ಕಣ ತುಸು ಕುಗ್ಗುತ್ತದೆ. ಸುಮಾರು 1000 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸಿಲಿಕಾ ಗಟ್ಟಿ ಪಾಕದಂತೆ ಬಹು ನಿಧಾನವಾಗಿ ಹರಿಯತೊಡಗುತ್ತದೆ. ಉಬ್ಬು ತಗ್ಗುತ್ತದೆ, ತಗ್ಗು ತುಂಬುತ್ತದೆ. ಸಿಲಿಕಾ ಕರಗಲು 1700 ಡಿಗ್ರಿಯಷ್ಟು ಶಾಖ ಬೇಕಲ್ಲವೇ ಎಂದು ನೀವು ಕೇಳಬಹುದು. ಉಬ್ಬು ಚಿಕ್ಕದಾದಷ್ಟೂ ಅದರ ಬಾಗು ತೀಕ್ಷ್ಣ, ಹರಿಯಬೇಕಾದ ದೂರ ಅಲ್ಪ. ಆದ್ದರಿಂದ ಕರಗುವ ಮುನ್ನವೇ ಅದು ನಯವಾಗುತ್ತದೆ. ಆದರೆ ಹದ ಮೀರಿದರೆ ಪಕ್ಕಪಕ್ಕದ ಕಣಗಳು ಒಂದಕ್ಕೊಂದು ಬೆಸೆದು ಹೆಂಟೆಯಾಗುತ್ತವೆ.

ಇದು ಬರಿಯ ಕುತೂಹಲದ ಸಂಗತಿಯಲ್ಲ. ಗಣಕಯಂತ್ರದ ಚಿಪ್ಪುಗಳನ್ನು ಮುಚ್ಚುವ ರಾಳದಲ್ಲಿ ಬೆರೆಸಲು ಸಿಲಿಕಾ ಪುಡಿಯನ್ನು ಜ್ವಾಲೆಯ ಮೂಲಕ ಹಾಯಿಸಿ ಗುಂಡಗೆ ಮಾಡುತ್ತಾರೆ. ಕಣ ನುಣುಪಾದರೆ ರಾಳ ಸರಾಗವಾಗಿ ಹರಿಯುತ್ತದೆ, ಹೆಚ್ಚು ಪುಡಿಯನ್ನೂ ಹಿಡಿಸಿಕೊಳ್ಳುತ್ತದೆ.

ಇಂದು ಎಷ್ಟೋ ಶಾಲೆಗಳಲ್ಲಿ ಗಾಜಿನ ನಳಿಕೆ ಬೀರುವಿನಲ್ಲಿದೆ, ಪ್ರಯೋಗ ಪುಸ್ತಕದ ಚಿತ್ರದಲ್ಲಿದೆ. ಚಿತ್ರ ಬರೆದ ಮಗುವಿಗೆ "ಚೂಪು ಎಲ್ಲಿ ಹೋಯಿತು?" ಎಂಬ ಪ್ರಶ್ನೆ ಹುಟ್ಟುವುದಾದರೂ ಹೇಗೆ? ಕಣ್ಣಿಗೆ ಕಾಣದ ಕಣವನ್ನು ಮನಸ್ಸಿನಲ್ಲಿ ಕಾಣಬೇಕಾದರೆ, ಕಾಣುವ ಗಾಜು ದುಂಡಗಾಗುವುದನ್ನು ಒಮ್ಮೆಯಾದರೂ ಕಂಡಿರಬೇಕು. ಕಿರಿಯ ಶಿಕ್ಷಕಮಿತ್ರರೇ, ಬೀರುವಿನ ಬೀಗ ತೆಗೆಯಿರಿ.