ಶರೀಫಜ್ಜನ ಹಾಡು, ದೀಕ್ಷಿತರ ಗಿಟಾರು

೨೦೦೮ರಲ್ಲಿ ಬಂದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮ್ಮು ಇವತ್ತಿಗೂ ನನ್ನ ಕ್ಯಾಬ್ ಸಂಗಾತಿ. ವೈಟ್‌ಫೀಲ್ಡ್‌ನಿಂದ ಮನೆ ಸೇರೋದ್ರೊಳಗೆ ಎಂಟೂ ಹಾಡು ಮುಗಿದು ಮತ್ತೆ ಮೊದಲಿಂದ ಶುರುವಾಗಿರತ್ತೆ (ಟ್ರಾಫಿಕ್ ಮಹಿಮೆ!). ಅದರಲ್ಲಿ ಎರಡು ನಮ್ಮ ಶಿಶುನಾಳ ಶರೀಫರವು: 'ಗುಡುಗುಡಿಯ ಸೇದಿ ನೋಡೋ', ಇನ್ನೊಂದು 'ಸೋರುತಿಹುದು'. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಹಾಡೋ ಮನುಷ್ಯ.

ಅಪ್ಪನಿಗೆ ಇದು ಸುತಾರಾಂ ಆಗಲ್ಲ. ಅವರಿಗೆ ಶರೀಫರು ಅಂದ್ರೆ ಸಿ. ಅಶ್ವತ್ಥ್, ಅಷ್ಟೇ. "ತತ್ವಪದ ಕುಣಿಯೋಕೆ ಇರೋದೇನೋ?" ಅಂತಾರೆ. ಆದ್ರೆ ೧೮೮೯ರಲ್ಲಿ ತೀರಿಕೊಂಡ ಶರೀಫರ ದನಿ ಯಾವ ಕ್ಯಾಸೆಟ್ಟಲ್ಲೂ ಇಲ್ವಲ್ಲ! ಬಾಯಿಂದ ಬಾಯಿಗೆ ದಾಟಿ ಬಂದ ಪದಗಳನ್ನ ಅಶ್ವತ್ಥ್ ತಮ್ಮ ಧಾಟಿಗೆ ತಂದ್ರು, ೧೯೯೦ರ 'ಸಂತ ಶಿಶುನಾಳ ಶರೀಫ' ಸಿನಿಮಾ ಅವನ್ನ ಮನೆಮನೆಗೆ ಮುಟ್ಟಿಸ್ತು. ಆ ಲೆಕ್ಕದಲ್ಲಿ ಅಪ್ಪ ಕೇಳೋದೂ ಕವರ್ ವರ್ಷನ್ನೇ... ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ರು.

'ಗುಡುಗುಡಿ' ನನಗೆ ದೀಕ್ಷಿತರದ್ದೇ ಇಷ್ಟ. 'ಸೋರುತಿಹುದು' ವಿಷಯದಲ್ಲಿ ಮಾತ್ರ ನಾನು ಅಪ್ಪನ ಪಾರ್ಟಿ. ಅಶ್ವತ್ಥರ ಆ ಏರು ದನಿಯಲ್ಲಿ ಮಾಳಿಗೆ ನಿಜಕ್ಕೂ ಸೋರತ್ತೆ.

ಆಫೀಸಲ್ಲಿ ಪಕ್ಕದ ಸೀಟಿನ ಪಟ್ನಾ ಹುಡುಗ ಒಂದಕ್ಷರ ಕನ್ನಡ ಬರದಿದ್ರೂ 'ಗುಡುಗುಡಿ' ಗುನುಗ್ತಾನೆ. ಅರ್ಥ ಕೇಳಿದ. ಹುಕ್ಕಾ ಅಂದೆ, ನಕ್ಕ. ಹುಕ್ಕಾದೊಳಗಿನ ವೇದಾಂತಾನ ನನ್ನ ಹರಕು ಹಿಂದಿಯಲ್ಲಿ ಹೇಳೋಕೆ ಹೊರಟಿದೀನಿ, ಇನ್ನೂ ಅರ್ಧ ದಾರಿ ಆಗಿಲ್ಲ.