ತಾಯಿಯ ಮಾತಿಗೆ ಮಕ್ಕಳಿಗೆ ಸೆರೆ

ಕಿರಿಯ ಸಹೋದರನ ಚೀಲದಲ್ಲಿ ಅರಸನ ಪಾನಪಾತ್ರೆ ಸಿಕ್ಕಿದಾಗ, ಅವನ ಬದಲಿಗೆ ತಮ್ಮಲ್ಲೊಬ್ಬನನ್ನು ಹಿಡಿದುಕೊಳ್ಳುವಂತೆ ಅಣ್ಣಂದಿರು ಬೇಡಿದರು. ಹಾಗೆ ಮಾಡಿದರೆ ಅಕ್ರಮಿಗಳಾಗುವೆವೆಂದು ಪ್ರವಾದಿ ಯೂಸುಫ್(ಅ) ನಿರಾಕರಿಸಿದರು. ತಾನಾಗಿಯೇ ಮುಂದೆ ಬಂದವನನ್ನೂ ಇನ್ನೊಬ್ಬನ ಬದಲಿಗೆ ಹಿಡಿಯಕೂಡದೆಂಬ ನ್ಯಾಯವನ್ನು ಪವಿತ್ರ ಕುರ್‌ಆನ್ ನಮಗೆ ಈ ಚರಿತ್ರೆಯಲ್ಲಿ ಕಲಿಸುತ್ತದೆ.

ಚೀನಾದ ಕ್ಸಿನ್‌ಜಿಯಾಂಗ್‌ನಲ್ಲಿ ಈ ನ್ಯಾಯ ತಲೆಕೆಳಗಾಗಿದೆ. ಉಯಿಘರ್ ಮುಸ್ಲಿಮರ ಪರ ದನಿಯೆತ್ತಿದ ರೆಬಿಯಾ ಕದೀರ್ 1999ರಲ್ಲಿ ಬಂಧಿತರಾದರು. ಅಮೆರಿಕದಲ್ಲಿದ್ದ ಪತಿಗೆ ಪತ್ರಿಕೆಯ ತುಣುಕುಗಳನ್ನು ಕಳುಹಿಸಿದ್ದೇ ಅಪರಾಧವೆನಿಸಿತು. 2005ರಲ್ಲಿ ಬಿಡುಗಡೆಗೊಂಡು ದೇಶ ತೊರೆದ ಬಳಿಕವೂ ಅವರು ಮೌನ ತಾಳಲಿಲ್ಲ. 2006ರಲ್ಲಿ ಅವರ ಒಬ್ಬ ಮಗನಿಗೆ ತೆರಿಗೆ ವಂಚನೆಯ ಹೆಸರಿನಲ್ಲಿ 7 ವರ್ಷ, 2007ರಲ್ಲಿ ಇನ್ನೊಬ್ಬನಿಗೆ ಪ್ರತ್ಯೇಕತಾವಾದದ ಹೆಸರಿನಲ್ಲಿ 9 ವರ್ಷ ಸೆರೆವಾಸ ವಿಧಿಸಲಾಯಿತು. 2009ರ ಉರುಮ್ಚಿ ಗಲಭೆಯ ನಂತರ, ತಾಯಿಯನ್ನು ದೂಷಿಸುವ ಪತ್ರವನ್ನು ಸರ್ಕಾರಿ ಮಾಧ್ಯಮಗಳು ಮಕ್ಕಳ ಹೆಸರಿನಲ್ಲೇ ಪ್ರಕಟಿಸಿದವು. ಕೈಗೆ ಸಿಗದ ತಾಯಿಯನ್ನು ಮಣಿಸಲು ಕೈಗೆ ಸಿಕ್ಕ ಮಕ್ಕಳನ್ನು ಹಿಂಡುವ ಉಪಾಯವಿದು.

ಪರದೇಶದಲ್ಲಿರುವ ಅನೇಕ ಉಯಿಘರರು ಬಾಯಿ ತೆರೆಯದಿರುವುದು ಹೇಡಿತನದಿಂದಲ್ಲ, ಊರಿನಲ್ಲುಳಿದ ಮನೆಯವರ ಮೇಲಿನ ಕಳವಳದಿಂದ. ಅವರನ್ನು ಹಂಗಿಸದಿರೋಣ. ಮಾತಾಡಿದವರಿಗಾಗಿಯೂ ಮಾತಾಡಲಾಗದವರಿಗಾಗಿಯೂ ದುಆ ಮಾಡೋಣ. ಜೊತೆಗೆ, ಒಬ್ಬನ ತಪ್ಪಿಗೆ ಅವನ ಮನೆಮಂದಿಯನ್ನೆಲ್ಲ ದೂರುವ ಚಾಳಿಯನ್ನು ನಮ್ಮ ಮೊಹಲ್ಲಾಗಳಲ್ಲಿಯೂ ತೊರೆಯೋಣ.