ಮೋಟಾರು ಆರಿಸಲು ಹೋಗಿ ಕಲಿತ ಪಾಠ



ನಿವೃತ್ತ ಮೇಷ್ಟರ ಮನೆಗೆ ಜನ ಸಾಮಾನ್ಯವಾಗಿ ಮದುವೆಯ ಕರೆಯೋಲೆ ಹಿಡಿದು ಬರುತ್ತಾರೆ. ಇಲ್ಲವೇ ಮಗುವಿಗೊಂದು ಹೆಸರು ಸೂಚಿಸಿ ಎಂದು ಬರುತ್ತಾರೆ. ಹೋದ ವರ್ಷ ಮಳೆಗಾಲದ ಒಂದು ಸಂಜೆ ಬನ್ನೂರಿನ ನಮ್ಮ ಮನೆಗೆ ಬಂದ ಹುಡುಗ ಮಾತ್ರ ಚೌಕಾಕಾರದ ಒಂದು ಮೋಟಾರನ್ನು ತಂದು ಮೇಜಿನ ಮೇಲಿಟ್ಟ. "ಸಾರ್, ಇದನ್ನ ಯಾವ ಕ್ರಮದಲ್ಲಿ ಓಡಿಸೋದು ಅಂತ ನೀವೇ ಲೆಕ್ಕ ಹಾಕಿ ಹೇಳ್ಬೇಕು" ಎಂದ.

ಹುಡುಗನ ತಂದೆ ನನ್ನ ಶಿಷ್ಯ. ಮರಗೆಲಸ ಅವರ ವಂಶದ ಕಸುಬು. ಮಗ ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಊರಿನಲ್ಲಿಯೇ ಒಂದು ಸಿಎನ್‌ಸಿ ರೌಟರ್ ಕಟ್ಟಲು ಹೊರಟಿದ್ದ. ತಿಳಿಯದವರಿಗಾಗಿ ಹೇಳುತ್ತೇನೆ: ಅದೊಂದು ದೊಡ್ಡ ಮೇಜು. ಮೇಜಿನ ಮೇಲೆ ಅತ್ತಿತ್ತ ಸರಿಯುವ ಕಮಾನು, ಕಮಾನಿನಲ್ಲಿ ವೇಗವಾಗಿ ತಿರುಗುತ್ತ ಮರವನ್ನು ಕೊರೆಯುವ ಬಿಟ್ಟು. ಉದ್ದ, ಅಗಲ, ಆಳ ಈ ಮೂರು ದಿಕ್ಕುಗಳಲ್ಲಿ ಅದು ಎಷ್ಟೆಷ್ಟು ಚಲಿಸಬೇಕೆಂಬುದನ್ನು ಗಣಕಯಂತ್ರ ಅಂಕಿಗಳಲ್ಲಿ ತಿಳಿಸುತ್ತದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇಂತಹ ಯಂತ್ರವನ್ನು ಮೊದಲು ಪ್ರದರ್ಶಿಸಿದಾಗ ಅದರ ನಿಯಂತ್ರಣಕ್ಕೆ ನಿರ್ವಾತ ನಳಿಕೆಗಳು ತುಂಬಿದ ಬೀರುಗಳೇ ಬೇಕಾಗಿದ್ದವು. ಈಗ ಅಂಗೈಯಗಲದ ಹಲಗೆಯೊಂದು ಸಾಕು. ಆದರೆ ಮೋಟಾರಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಶಿವನಸಮುದ್ರದ ವಿದ್ಯುದಾಗಾರಕ್ಕೆ ನಿಮ್ಮಲ್ಲಿ ಅನೇಕರನ್ನು ಪ್ರವಾಸ ಕರೆದೊಯ್ದದ್ದು ನೆನಪಿರಬಹುದು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತೆಂದು ಹೇಳಿ, ಮೋಟಾರಿನ ಪಾಠವನ್ನೂ ಅಲ್ಲಿಯೇ ಮಾಡುತ್ತಿದ್ದೆ. ಆ ಪಾಠದ ಮೋಟಾರು ಹಿಟ್ಟಿನ ಗಿರಣಿಯದು. ವಿದ್ಯುತ್ತು ಕೊಟ್ಟರೆ ಒಂದೇ ಸಮನೆ ತಿರುಗುವುದು. ಹುಡುಗ ತಂದಿದ್ದು ಸ್ಟೆಪ್ಪರ್ ಮೋಟಾರು. ಅದು ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ, 200 ಹೆಜ್ಜೆಗೆ ಒಂದು ಸುತ್ತು. ಸುತ್ತಿಗೆ 5 ಮಿಲಿಮೀಟರ್ ಸಾಗಿಸುವ ತಿರುಪಿಗೆ ಅದನ್ನು ಜೋಡಿಸಿದರೆ ಒಂದು ಹೆಜ್ಜೆಗೆ 0.025 ಮಿಲಿಮೀಟರ್. ನಿಮ್ಮ ಮನೆಯ ಕ್ವಾರ್ಟ್ಜ್ ಗಡಿಯಾರದ ಸೆಕೆಂಡಿನ ಮುಳ್ಳನ್ನು ನಡೆಸುವುದೂ ಇದೇ ಜಾತಿಯ ಪುಟ್ಟ ಮೋಟಾರೇ.

ಹುಡುಗನ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು, ಸುರುಳಿಯೊಂದಿಗೆ ಸರಣಿಯಲ್ಲಿ ರೋಧಕವನ್ನಿಟ್ಟು ಓಡಿಸುವ ಹಳೆಯ ಕ್ರಮ. ಎರಡನೆಯದು, ಚಾಪರ್ ಡ್ರೈವರ್. ಮೂರನೆಯದು, ಸರ್ವೋ. ನಾನು ಬಹಳ ವರ್ಷಗಳ ಮೇಲೆ ಕಾಗದ ಪೆನ್ಸಿಲು ಹಿಡಿದು ಕುಳಿತೆ.

ಮೋಟಾರಿನ ಸುರುಳಿಯ ರೋಧ 1 ಓಮ್, ಪ್ರೇರಕತ್ವ 2 ಮಿಲಿಹೆನ್ರಿ, ಬೇಕಾದ ಪ್ರವಾಹ 3 ಆಂಪಿಯರ್. ಓಮನ ನಿಯಮದಂತೆ 3 ವೋಲ್ಟ್ ಸಾಕಲ್ಲವೇ ಎನ್ನಿಸುತ್ತದೆ. ನಿಂತ ಮೋಟಾರಿಗೆ ಸಾಕು, ಓಡುವ ಮೋಟಾರಿಗೆ ಸಾಲದು. ನಿಮಿಷಕ್ಕೆ 3 ಮೀಟರ್ ಸಾಗಬೇಕಾದರೆ ಸೆಕೆಂಡಿಗೆ 2000 ಹೆಜ್ಜೆ, ಅಂದರೆ ಒಂದು ಹೆಜ್ಜೆಗೆ ಅರ್ಧ ಮಿಲಿಸೆಕೆಂಡು. ಸುರುಳಿ ಪ್ರವಾಹದ ಬದಲಾವಣೆಯನ್ನು ವಿರೋಧಿಸುವುದರಿಂದ ಅಷ್ಟರೊಳಗೆ ಪ್ರವಾಹ ಏರುವುದೇ ಇಲ್ಲ. 24 ವೋಲ್ಟ್ ಕೊಟ್ಟು, 7 ಓಮಿನ ರೋಧಕ ಸೇರಿಸಿದರೆ ಪ್ರವಾಹ ಬೇಗ ಏರುತ್ತದೆ. ಆದರೆ ಒಂದೊಂದು ರೋಧಕವೂ 63 ವ್ಯಾಟ್ ಶಾಖವನ್ನು ಸುಮ್ಮನೆ ಉಗುಳುತ್ತದೆ. ನಾಲ್ಕು ಮೋಟಾರು, ಎಂಟು ಸುರುಳಿ. ಮರದ ಹೊಟ್ಟು ತುಂಬಿದ ಕೊಠಡಿಯಲ್ಲಿ ಅರ್ಧ ಕಿಲೋವ್ಯಾಟಿನ ಇಸ್ತ್ರಿಪೆಟ್ಟಿಗೆಯೊಂದನ್ನು ಹಗಲೆಲ್ಲ ಕಾಯಿಸಿಟ್ಟಂತೆ. ಅದನ್ನು ಹೊಡೆದುಹಾಕಿದೆ.

ಚಾಪರ್ ಡ್ರೈವರ್ ಜಾಣತನದ ಉಪಾಯ. ಪೂರ್ಣ ವೋಲ್ಟೇಜನ್ನು ಸುರುಳಿಗೆ ಕೊಡುತ್ತದೆ. ಪ್ರವಾಹ 3 ಆಂಪಿಯರ್ ಮುಟ್ಟಿದೊಡನೆ ಕಡಿಯುತ್ತದೆ, ಇಳಿದೊಡನೆ ಮತ್ತೆ ಕೊಡುತ್ತದೆ. ಸೆಕೆಂಡಿಗೆ ಸಾವಿರಾರು ಬಾರಿ ಇದು ನಡೆಯುತ್ತದೆ. ರೋಧಕ ಬೇಕಿಲ್ಲ, ಕಾವೂ ಕಡಿಮೆ. ಎರಡು ಸುರುಳಿಗಳ ಪ್ರವಾಹವನ್ನು ಸೈನ್ ಮತ್ತು ಕೊಸೈನ್‌ಗಳಂತೆ ಹಂಚಿ, ಒಂದು ಹೆಜ್ಜೆಯನ್ನು ಎಂಟಾಗಿಯೋ ಹದಿನಾರಾಗಿಯೋ ಒಡೆದು ನಡಿಗೆಯನ್ನು ನಯಗೊಳಿಸುತ್ತದೆ. "ತ್ರಿಕೋನಮಿತಿ ಯಾಕೆ ಸಾರ್ ಕಲೀಬೇಕು?" ಎಂದು ಕೇಳುತ್ತಿದ್ದವರು ಇದನ್ನು ಗಮನಿಸಬೇಕು!

ಸರ್ವೋ ಎಲ್ಲಕ್ಕಿಂತ ಉತ್ತಮ; ಬೆಲೆಯೂ ಹಾಗೆಯೇ. ಅದಾಗಲೇ ತಂದೆ ಸಾಲ ಮಾಡಿ ಕಬ್ಬಿಣದ ಚೌಕಟ್ಟು ಮಾಡಿಸಿದ್ದ. ನಾನು ಮೋಟಾರಿನ ಚೀಟಿಯ ಮೇಲಿದ್ದ ತಿರುಚುಬಲವನ್ನು ನೋಡಿ, ಲೆಕ್ಕ ಹಾಕಿ, "ಸಾದಾ ಸ್ಟೆಪ್ಪರ್, ಚಾಪರ್ ಡ್ರೈವರ್, 24 ವೋಲ್ಟ್, ಧಾರಾಳವಾಯಿತು" ಎಂದು ತೀರ್ಪು ಕೊಟ್ಟೆ. ಹುಡುಗ ನಮಸ್ಕರಿಸಿ ಹೋದ. ನನಗೂ ಹೆಮ್ಮೆಯೇ.

ದೀಪಾವಳಿಯ ಹೊತ್ತಿಗೆ ಯಂತ್ರ ಓಡಿತು. ಮೊದಲ ದೊಡ್ಡ ಕೆಲಸವಾಗಿ ಒಂದು ದೇವರ ಮನೆಯ ತೇಗದ ಬಾಗಿಲು ಸಿಕ್ಕಿತು. ಪಕ್ಕದ ಸೋಮನಾಥಪುರದ ಕೇಶವ ದೇವಾಲಯದ ಗೋಡೆಯ ಮೇಲೆ ಆನೆ, ಕುದುರೆಗಳ ಸಾಲಿನೊಂದಿಗೆ ಬಳ್ಳಿಯ ಸಾಲೊಂದು ಸುತ್ತಿಬರುತ್ತದಷ್ಟೆ. ಅದೇ ಮಾದರಿಯ ಬಳ್ಳಿಯನ್ನು ಹುಡುಗ ಗಣಕದಲ್ಲಿ ಬರೆದಿದ್ದ. ಹನ್ನೆರಡು ಗಂಟೆಗಳ ಕೆಲಸ. ಮಧ್ಯಾಹ್ನ ನಾನೂ ಹೋಗಿ ಕುರ್ಚಿ ಹಾಕಿಕೊಂಡು ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಹುಡುಗನ ತಂದೆ ಒಳಗಿನಿಂದ ಬಂದು, "ವಸಿ ನಿಧಾನ ಮಾಡ್ಲಾ, ಮರ ಕೂಗ್ತಾ ಅದೆ" ಎಂದ. ಮಗ, "ಎಲ್ಲಾ ಲೆಕ್ಕ ಹಾಕಿದೆ ಕಣಪ್ಪ, ಮೇಷ್ಟ್ರೇ ನೋಡವ್ರೆ" ಎಂದು ನನ್ನ ಕಡೆ ತಿರುಗಿದ. ನಾನು ತಲೆಯಾಡಿಸಿದೆ. ತಂದೆ ಸುಮ್ಮನೆ ಒಳಹೋದ.

ಕತ್ತಲಾದ ಮೇಲೆ ಹೊಟ್ಟು ಗುಡಿಸಿ ನೋಡಿದರೆ, ಬಾಗಿಲಿನ ಅರ್ಧದಿಂದಾಚೆಗೆ ಬಳ್ಳಿ ಇಡಿಯಾಗಿ 3 ಮಿಲಿಮೀಟರ್ ಪಕ್ಕಕ್ಕೆ ಸರಿದಿತ್ತು. ಎಲೆ ತೊಟ್ಟಿಗೆ ಕೂಡಿರಲಿಲ್ಲ. ಮರದಲ್ಲಿ ಒಂದು ಗಂಟು ಬಂದ ಕಡೆ ಮೋಟಾರು ಹೆಜ್ಜೆ ತಪ್ಪಿತ್ತು. ತಪ್ಪಿದ್ದು ಗಣಕಕ್ಕೆ ತಿಳಿಯದು. ಮುಂದಿನ ಅಷ್ಟೂ ಗಂಟೆಗಳ ಕಾಲ ಅದು ನಿಷ್ಠೆಯಿಂದ ತಪ್ಪು ಜಾಗದಲ್ಲಿಯೇ ಕೊರೆದಿತ್ತು. ಬ್ಯಾಟರಿ ಸೊರಗಿದ ಗಡಿಯಾರದ ಮುಳ್ಳು ಒಂದೇ ಕಡೆ ಮಿಡಿಯುತ್ತಿದ್ದರೂ ಒಳಗಿನ ಮಂಡಲ ಸೆಕೆಂಡುಗಳನ್ನು ಎಣಿಸುತ್ತಲೇ ಇರುವುದಿಲ್ಲವೇ, ಹಾಗೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಎದ್ದು ಲೆಕ್ಕವನ್ನು ಮತ್ತೆ ನೋಡಿದೆ. ಮೋಟಾರಿನ ಚೀಟಿಯಲ್ಲಿ ಬರೆದಿರುವುದು ನಿಂತಾಗಿನ ಬಲ. ವೇಗ ಹೆಚ್ಚಿದಂತೆ, ನಾನೇ ವಿವರಿಸಿದ್ದ ಪ್ರೇರಕತ್ವದ ಕಾರಣದಿಂದಲೇ, ಆ ಬಲ ಕುಗ್ಗುತ್ತದೆ. ಮೊದಲ ಪುಟದಲ್ಲಿ ಬರೆದದ್ದನ್ನು ಮೂರನೆಯ ಪುಟದಲ್ಲಿ ಮರೆತಿದ್ದೆ. ಪರೀಕ್ಷೆಯಾಗಿದ್ದರೆ ನನಗೆ ನಾನೇ ಅಂಕ ಕಳೆಯುತ್ತಿದ್ದೆ.

ಬೆಳಿಗ್ಗೆ ಹೋಗಿ ಹಲಗೆಯ ಹಣವನ್ನು ನಾನು ಕೊಡುತ್ತೇನೆಂದೆ. ತಂದೆ ಒಪ್ಪಲಿಲ್ಲ. "ಮರ ಹೇಳ್ತಾನೇ ಇತ್ತು ಮೇಷ್ಟ್ರೇ, ಯಾರೂ ಕೇಳಿಸ್ಕೊಳ್ಳಿಲ್ಲ ಅಷ್ಟೆ" ಎಂದು, ಕಾಫಿ ತರಲು ಹೇಳಿದ. ಆ ಮಾತಿನಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಈ ಮನುಷ್ಯ 1992ರಲ್ಲಿ ನನ್ನ ಹತ್ತನೆಯ ತರಗತಿಯಲ್ಲಿದ್ದ. ಮೂರನೆಯ ಬೆಂಚು, ಗೋಡೆಯ ಪಕ್ಕ. ಪಾಠ ಮುಗಿದ ಮೇಲೆ "ಅರ್ಥವಾಯಿತೇನ್ರಪ್ಪಾ?" ಎಂದರೆ ಎಲ್ಲರಂತೆ ತಲೆಯಾಡಿಸುತ್ತಿದ್ದ. ಗಣಿತದಲ್ಲಿ ಅನುತ್ತೀರ್ಣನಾದ, ಶಾಲೆಯ ಕಡೆ ಮತ್ತೆ ಬರಲಿಲ್ಲ, ಉಳಿ ಕೊಡತಿ ಹಿಡಿದ. ಅವನು ಯಾವ ಹೆಜ್ಜೆಯಲ್ಲಿ ತಪ್ಪಿದನೆಂದು ನಾನು ಎಂದೂ ಹಿಂತಿರುಗಿ ನೋಡಿರಲಿಲ್ಲ. ಪಠ್ಯಭಾಗ ಮುಗಿಸಬೇಕಿತ್ತು, ಮುಗಿಸುತ್ತ ಹೋದೆ.

ಕಾಫಿ ಕುಡಿಯುತ್ತ ಮೂವರೂ ಕೂಡಿ ಹೊಸದಾಗಿ ತೀರ್ಮಾನಿಸಿದೆವು. ಉದ್ದ ಮತ್ತು ಅಗಲದ ದಿಕ್ಕುಗಳಿಗೆ ಎನ್‌ಕೋಡರ್ ಇರುವ ಸ್ಟೆಪ್ಪರ್. ಇದರ ಬೆನ್ನಿಗೆ ಸುತ್ತಿಗೆ 4000 ಎಣಿಕೆ ಕೊಡುವ ಚಕ್ರವಿರುತ್ತದೆ. "ಹೋಗು" ಎಂದ ಜಾಗಕ್ಕೆ ಮೋಟಾರು ನಿಜವಾಗಿ ಹೋಯಿತೇ ಎಂದು ಡ್ರೈವರ್ ನೋಡುತ್ತದೆ. ಕೊಂಚ ಹಿಂದುಳಿದರೆ ತಿದ್ದುತ್ತದೆ, ತಿದ್ದಲಾರದಷ್ಟಾದರೆ ಕೆಂಪು ದೀಪ ಹೊತ್ತಿಸಿ ಎಲ್ಲವನ್ನೂ ನಿಲ್ಲಿಸುತ್ತದೆ. ಸರ್ವೋವಿನಷ್ಟು ದುಬಾರಿಯಲ್ಲ, ಹೆಚ್ಚುವರಿ ಖರ್ಚು ಹಾಳಾದ ತೇಗದ ಬೆಲೆಗಿಂತ ಕಡಿಮೆಯೇ ಬಿದ್ದಿತು. ವೋಲ್ಟೇಜನ್ನು 36ಕ್ಕೆ ಏರಿಸಿದೆವು. ವೇಗ ಎಷ್ಟಿರಬೇಕೆಂಬುದನ್ನು ಮಾತ್ರ ತಂದೆಯೇ ನಿಂತು, ಸದ್ದು ಕೇಳಿ ಹೇಳಿದ.

ಎರಡನೆಯ ಬಾಗಿಲಿನ ಕೆಲಸದಲ್ಲಿ ಒಮ್ಮೆ ಕೆಂಪು ದೀಪ ಹೊತ್ತಿತು. ನೋಡಿದರೆ ಬಿಟ್ಟು ಮೊಂಡಾಗಿತ್ತು. ಬದಲಾಯಿಸಿ, ಮೂಲಬಿಂದುವಿನಿಂದ ಅಳತೆ ಹಿಡಿಸಿ ಮುಂದುವರಿಸಿದರು. ಬಳ್ಳಿ ಎಲ್ಲಿಯೂ ತುಂಡಾಗಲಿಲ್ಲ. ಆದರೂ ಒಂದು ಮಾತು: ಎನ್‌ಕೋಡರ್ ನೋಡುವುದು ಮೋಟಾರಿನ ದಂಡವನ್ನೇ ಹೊರತು ಮರವನ್ನಲ್ಲ. ದಂಡಕ್ಕೂ ತಿರುಪಿಗೂ ನಡುವಿನ ಜೋಡಣೆ ಸಡಿಲವಾದರೆ ಅದಕ್ಕೂ ತಿಳಿಯದು. ಅಲ್ಲಿಗೆ ಮನುಷ್ಯನ ಕಣ್ಣು ಕಿವಿಗಳೇ ಬೇಕು.

ನಿಮ್ಮಲ್ಲಿ ಯಾರಾದರೂ ಇಂತಹ ಯಂತ್ರ ಕಟ್ಟುವಿರಾದರೆ ಚೀಟಿಯ ಮೇಲಿನ ಬಲವನ್ನು ನಂಬಬೇಡಿ, ವೇಗಕ್ಕೆ ತಕ್ಕ ಬಲದ ನಕ್ಷೆಯನ್ನು ಕೇಳಿ ಪಡೆಯಿರಿ. ಡ್ರೈವರಿಗೆ ವಿದ್ಯುತ್ತು ಇರುವಾಗ ಮೋಟಾರಿನ ತಂತಿ ಕೀಳಬೇಡಿ, ಡ್ರೈವರ್ ಸುಟ್ಟೀತು. ಇನ್ನು, ಅಂದು ಅರ್ಥವಾಗದೆಯೂ ನನ್ನೆದುರು ತಲೆಯಾಡಿಸಿದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಆಗ ನಾನು ನಿಲ್ಲಿಸಿ ಕೇಳಬೇಕಿತ್ತು. ಬನ್ನೂರಿನ ಕಡೆ ಬಂದರೆ ಮನೆಗೆ ಬನ್ನಿ. ಕೆಟ್ಟ ಬಾಗಿಲಿನ ಅರ್ಧ ಹಲಗೆ ಈಗ ನನ್ನ ಪುಸ್ತಕದ ಕಪಾಟಿಗೆ ಬಾಗಿಲಾಗಿದೆ. ಬೇಡವೆಂದರೂ ಕೇಳದೆ ಅವನೇ ತಂದು ಕೂರಿಸಿಹೋದ.